ಖೆಡ್ಡಾಕ್ಕೆ ಬೀಳುವುದೆಂದರೇನು?

“ಪಾಪ, ಅವನನ್ನು ಖೆಡ್ಡಾಕ್ಕೆ ಕೆಡವಿದರು” ಎಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಕೇಳಿದೊಡನೆ ಒಂದು ಗುಂಡಿ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಖೆಡ್ಡಾ ಗುಂಡಿಯಲ್ಲ. ಗುಂಡಿ ತೋಡಿ, ಮೇಲೆ ಸೊಪ್ಪು ಮುಚ್ಚಿ ಆನೆ ಹಿಡಿಯುವುದು ಬೇರೆಯ ಕ್ರಮ. ಅಟ್ಟುವುದು ಎಂಬರ್ಥದ ಹಿಂದಿ ಮಾತಿನಿಂದ ಬಂದದ್ದು ಖೆಡ್ಡಾ. ಅಲ್ಲಿ ಆನೆ ಬೀಳುವುದಿಲ್ಲ, ತನ್ನ ಕಾಲಿನಿಂದಲೇ ನಡೆದು ಒಳಗೆ ಹೋಗುತ್ತದೆ.

ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ 1874ರಲ್ಲಿ ಈ ಕ್ರಮದಿಂದ ಆನೆಗಳ ಹಿಂಡನ್ನು ಹಿಡಿದನು. ಮುಂದೆ ಕಬಿನಿ ತೀರದ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. 1971ರಲ್ಲಿ ನಡೆದದ್ದೇ ಕೊನೆಯದು. ಮರುವರ್ಷ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ಖೆಡ್ಡಾ ನಿಂತಿತು, ಮಾತು ಉಳಿಯಿತು.

ಅದು ನಡೆಯುತ್ತಿದ್ದ ಬಗೆಯನ್ನು ನೋಡಿರಿ. ಹಿಂಡನ್ನು ಜನ ದೂರದಿಂದ ಸುತ್ತುವರಿಯುತ್ತಿದ್ದರು. ತಮಟೆ, ಕೂಗು, ಬೆಂಕಿ. ಒಂದು ಕಡೆ ಮಾತ್ರ ಸದ್ದಿಲ್ಲ. ಬೆದರಿದ ಆನೆ ಆ ಕಡೆಯೇ ಬಿಡುಗಡೆಯ ದಾರಿಯೆಂದು ನಂಬಿ ನಡೆಯುತ್ತಿತ್ತು. ಆ ದಾರಿಯ ಕೊನೆಯಲ್ಲಿ ದಪ್ಪ ಮರದ ದಿಮ್ಮಿಗಳ ಆವರಣ. ಒಳಗೆ ಬಂದೊಡನೆ ಹಿಂದೆ ಬಾಗಿಲು ಬೀಳುತ್ತಿತ್ತು. ಆಮೇಲೆ ಕಾಲಿಗೆ ಹಗ್ಗ. ಹಗ್ಗ ಕಟ್ಟುವವರಿಗೆ ನೆರವಾಗುತ್ತಿದ್ದವು ಯಾವುವು? ಪಳಗಿದ ಆನೆಗಳು!

ಮನುಷ್ಯನ ಕಥೆಯೂ ಇದೇ ಅಲ್ಲವೆ? ಒಬ್ಬ ರೈತ ಮಗಳ ಮದುವೆ ಮಾಡಬೇಕು. ‘ಜನ ಏನೆಂದಾರು’ ಎಂಬ ತಮಟೆ ಹಿಂದಿನಿಂದ ಬಡಿಯುತ್ತದೆ. ಸುಲಭವಾಗಿ ಸಿಗುವ ಸಾಲವೊಂದೇ ಸದ್ದಿಲ್ಲದ ಕಡೆ. “ನಾವೂ ಹಾಗೆಯೇ ಮಾಡಿದೆವು, ಹೆದರಬೇಡಪ್ಪ” ಎಂದು ಹೇಳಿ ಸಹಿ ಮಾಡಿಸುವವರು ಬೇರೆಯವರಲ್ಲ, ಆಗಲೇ ಪಳಗಿದ ಅವನ ನೆಂಟರು. ನಾಲ್ಕು ದಿನದ ಚಪ್ಪರ ಇಳಿಯುತ್ತದೆ, ಬಾಗಿಲು ಮುಚ್ಚುತ್ತದೆ, ಹೊಲ ಪರರ ಪಾಲಾಗುತ್ತದೆ. ಆಗ ಅವನೂ ಹೇಳುತ್ತಾನೆ: “ನನ್ನನ್ನು ಖೆಡ್ಡಾಕ್ಕೆ ಕೆಡವಿದರು.” ಕೆಡವಿದವರ ತಪ್ಪು ಇಲ್ಲವೆಂದಲ್ಲ. ಆದರೆ ನಡೆದ ಕಾಲು ನಮ್ಮದೇ ಎಂಬುದನ್ನು ಮರೆಯಬಾರದು.

ಆನೆಗೆ ಬಲವಿತ್ತು, ತಮಟೆ ಬರಿಯ ತೊಗಲು ಎಂದು ತಿಳಿಯುವ ಬುದ್ಧಿಯಿರಲಿಲ್ಲ. ನಮಗೆ ಆ ಬುದ್ಧಿ ಇದೆ. ಆದುದರಿಂದ ಅಂಜಿಕೆ ಅಟ್ಟಿದಾಗ ಓಡಬಾರದು. ಒಂದು ಗಳಿಗೆ ನಿಂತು, ಹಿಂದೆ ಬಡಿಯುತ್ತಿರುವವರು ಯಾರು, ಮುಂದೆ ಅಷ್ಟೊಂದು ಮೌನವೇಕೆ ಎಂದು ಕೇಳಿಕೊಳ್ಳಬೇಕು. ಹಾಗೆ ನಿಂತು ನೋಡಿದವನನ್ನು ಯಾವ ಖೆಡ್ಡಾಕ್ಕೂ ಅಟ್ಟುವುದು ಸುಲಭವಲ್ಲ.