1962ರ ಫೆಬ್ರವರಿಯ ಕರೆಂಟು

ನಮ್ಮ ಕಾಲೇಜಿನ ಪವರ್ ಸಿಸ್ಟಮ್ಸ್ ಲ್ಯಾಬಿನಲ್ಲಿ ಮಕ್ಕಳು ಮೊದಲು ತೆರೆಯುವ ಕಡತದ ತಲೆಯ ಮೇಲೆ ಒಂದು ಸಾಲಿದೆ. ಅದರಲ್ಲಿ 1993ರ ಆಗಸ್ಟ್ 19ರ ತಾರೀಖು, ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಗ್ರಹ ಎಂಬ ಗುರುತು, ಆಮೇಲೆ 1962 ಎಂಬ ಇಸವಿ, ಅದರ ಪಕ್ಕದಲ್ಲಿ ಚಳಿಗಾಲವೆಂದು ಸೂಚಿಸುವ ಒಂದೇ ಒಂದು ಅಕ್ಷರ. 1962ರ ಫೆಬ್ರವರಿಯಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿದ್ದ ವಿದ್ಯುತ್ ಜಾಲದ ಒಂದು ತುಂಡು ಅದು. ದಾವಣಗೆರೆಯ ಬಿಸಿಲಲ್ಲಿ ಫ್ಯಾನಿನ ಕೆಳಗೆ ಕೂತ ನನ್ನ ವಿದ್ಯಾರ್ಥಿಗಳು ಆ ಚಳಿಗಾಲದ ಕರೆಂಟಿನ ಲೆಕ್ಕ ಮಾಡುತ್ತಾರೆ. ಹದಿನೇಳು ವರ್ಷದಿಂದ ಮಾಡಿಸುತ್ತಿದ್ದೇನೆ.

ಆ ತುಂಡಿನಲ್ಲಿ ಹದಿನಾಲ್ಕು ಬಸ್‌ಗಳಿವೆ. ಬಸ್ ಎಂದರೆ ಸ್ಟೇಷನ್ನಿನಲ್ಲಿ ಎಲ್ಲ ಲೈನುಗಳೂ ಬಂದು ಕೂಡಿಕೊಳ್ಳುವ ಲೋಹದ ಪಟ್ಟಿ, ಬಸ್‌ಬಾರ್. ಲೈನು, ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿ ಇಪ್ಪತ್ತು ಕೊಂಡಿಗಳು. ಹನ್ನೊಂದು ಕಡೆ ಜನ ಒಟ್ಟು 259 ಮೆಗಾವ್ಯಾಟ್ ಕೇಳುತ್ತಿದ್ದಾರೆ. ಎರಡನೇ ಬಸ್ಸಿನ ಜನರೇಟರ್ 40 ಮೆಗಾವ್ಯಾಟ್ ಕೊಡುತ್ತದೆ. ಹಾಗಾದರೆ ಒಂದನೇ ಬಸ್ಸಿನದು ಎಷ್ಟು ಕೊಡಬೇಕು? 219 ಅಂತ ಮಕ್ಕಳು ಕೂಡಲೇ ಹೇಳುತ್ತಾರೆ. ಕಂಪ್ಯೂಟರು 232.4 ತೋರಿಸುತ್ತದೆ. ಮಿಕ್ಕ 13.4 ಮೆಗಾವ್ಯಾಟ್ ಎಲ್ಲಿ ಹೋಯಿತು? ದಾರಿಯಲ್ಲಿ ತಂತಿ ಕಾಯಿಸಿ ಹೋಯಿತು. ಈ ಉತ್ತರ ತಾವಾಗಿ ಹೊಳೆದಾಗ ಮಕ್ಕಳ ಮುಖ ನೋಡಬೇಕು. ಪುಸ್ತಕದಲ್ಲಿ ನೂರು ಸಲ ಓದಿದ 'ಲೈನ್ ಲಾಸ್' ಆ ದಿನ ಅವರದಾಗುತ್ತದೆ.

ಇದು ಸಾಧ್ಯವಾದದ್ದು ಯಾರೋ ಕೊಟ್ಟದ್ದರಿಂದ. ಅಮೆರಿಕನ್ ಎಲೆಕ್ಟ್ರಿಕ್ ಪವರ್ ಎಂಬ ಕಂಪನಿಯ ಜಾಲದ ಅಂಕಿಗಳು ಹೊರಬಂದವು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಿಚ್ ಕ್ರಿಸ್ಟಿ ಅವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟರು. ಲೆಕ್ಕ ಮಾಡುವ ಮ್ಯಾಟ್‌ಪವರ್ ಎಂಬ ತಂತ್ರಾಂಶವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ರೇ ಜಿಮ್ಮರ್‌ಮನ್ ಮತ್ತು ಸಂಗಡಿಗರು 1997ರಲ್ಲಿ ಬಿಟ್ಟಿ ಕೊಟ್ಟರು. ಅದು ಆಕ್ಟೇವ್ ಎಂಬ ಉಚಿತ ತಂತ್ರಾಂಶದಲ್ಲೂ ಓಡುತ್ತದೆ. ದುಬಾರಿ ಲೈಸೆನ್ಸ್ ಕೊಳ್ಳಲಾಗದ ನಮ್ಮಂಥ ಕಾಲೇಜಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಹೇಳಲು ನನಗೆ ಮಾತು ಸಾಲದು.

ಆದರೂ ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ: "ಮೇಡಂ, ನಮ್ಮದು ಯಾಕಿಲ್ಲ?"

ನಮ್ಮದು ನನಗೆ ಗೊತ್ತಿತ್ತು. ಅಪ್ಪಾಜಿ 220 ಕೆವಿ ಸ್ಟೇಷನ್ ಒಂದರಲ್ಲಿ ಶಿಫ್ಟ್ ಆಪರೇಟರ್ ಆಗಿದ್ದರು. ಗಂಟೆಗೊಮ್ಮೆ ಪ್ಯಾನೆಲ್ಲಿನ ಮುಂದೆ ನಿಂತು ಬಸ್ ವೋಲ್ಟೇಜ್, ಫ್ರೀಕ್ವೆನ್ಸಿ, ಪ್ರತಿ ಫೀಡರಿನ ಆಂಪ್ಸ್ ಓದಿ ಲಾಗ್‌ಶೀಟಿನಲ್ಲಿ ಬರೆಯಬೇಕಿತ್ತು. ಬರೆದದ್ದನ್ನೇ ಚಿಕ್ಕ ಡೈರಿಯೊಂದರಲ್ಲೂ ಗುರುತು ಹಾಕಿಕೊಳ್ಳುತ್ತಿದ್ದರು. ಆ ಡೈರಿಗಳು ಈಗಲೂ ಮನೆಯಲ್ಲಿವೆ. 1990ರ ದಶಕದ ಸಂಜೆಗಳ ಪುಟ ತೆರೆದರೆ ಫ್ರೀಕ್ವೆನ್ಸಿ 48 ಹರ್ಟ್ಜ್ ಆಸುಪಾಸಿನಲ್ಲಿ ಒದ್ದಾಡುತ್ತಿದ್ದದ್ದು ಕಾಣುತ್ತದೆ. ಇರಬೇಕಾದದ್ದು 50. ಈಗ ಜಾಲವನ್ನು 49.90 ಮತ್ತು 50.05ರ ನಡುವೆ ಹಿಡಿದಿಡಬೇಕೆಂಬ ನಿಯಮವಿದೆ. ನಮ್ಮ ಬಾಲ್ಯದ ಮಂಕು ಬಲ್ಬಿನ ಕಥೆಯೆಲ್ಲ ಅಪ್ಪಾಜಿಯ ನೀಲಿ ಇಂಕಿನಲ್ಲಿದೆ.

ಜಾಲದ ಲೆಕ್ಕವನ್ನು ಊರಿನವರಿಗೆ ಹೇಳುವಾಗ ನಾನು ಭದ್ರಾ ನಾಲೆಯನ್ನು ಹಿಡಿದುಕೊಳ್ಳುತ್ತೇನೆ. ನಾಲೆಗೆ ತೂಬಿದೆ. ಈ ಊರಿಗೆ ಬಿಡು, ಆ ಊರಿಗೆ ಕಟ್ಟು ಎಂದರೆ ನೀರು ಕೇಳುತ್ತದೆ. ಕರೆಂಟಿಗೆ ಅಂಥ ತೂಬಿಲ್ಲ. ಎಷ್ಟು ದಾರಿಯಿದೆಯೋ ಅಷ್ಟರಲ್ಲೂ ಅದು ಹಂಚಿಕೊಂಡು ಹರಿಯುತ್ತದೆ. ಯಾವ ದಾರಿ ಸಲೀಸೋ ಅದರಲ್ಲಿ ಹೆಚ್ಚು. ಒಂದು ಲೈನ್ ಟ್ರಿಪ್ ಆದರೆ ಅದರ ಹೊರೆ ಆ ಕ್ಷಣವೇ ಉಳಿದವುಗಳ ಮೇಲೆ ಬೀಳುತ್ತದೆ. 2012ರ ಜುಲೈ 30ರ ರಾತ್ರಿ 2.33ಕ್ಕೆ ಬಿನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನ್ ಟ್ರಿಪ್ ಆಯಿತು. ಅದರ ಹಿಂದೆಯೇ ಉತ್ತರದ ಜಾಲವೆಲ್ಲ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಹೋದವು. ಅರವತ್ತು ಕೋಟಿಗೂ ಹೆಚ್ಚು ಜನರಿಗೆ ಕರೆಂಟಿಲ್ಲದಂತಾಯಿತು. ನಮ್ಮ ಜಾಲ ಕುಸಿಯಲಿಲ್ಲ. ದಕ್ಷಿಣದ ಜಾಲ ಆಗ ಡಿಸಿ ಕೊಂಡಿಗಳ ಮೂಲಕ ಮಾತ್ರ ಉಳಿದ ದೇಶಕ್ಕೆ ಅಂಟಿಕೊಂಡಿತ್ತು. ಅಲ್ಲಿನ ಕುಸಿತ ಇತ್ತ ದಾಟಲಿಲ್ಲ. ಮುಂದೆ 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಕೂಡಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ.

2012ರ ಆ ಕುಸಿತದ ತನಿಖಾ ವರದಿ ಎಲ್ಲರಿಗೂ ಸಿಕ್ಕಿತು. ನಾವೂ ಓದಿದೆವು. ಆದರೆ ಬಿನಾ–ಗ್ವಾಲಿಯರ್ ಲೈನ್ ತೆಗೆದರೆ ಏನಾಗುತ್ತದೆ, ಇನ್ನೊಂದು ಇದ್ದಿದ್ದರೆ ಉಳಿಯುತ್ತಿತ್ತೇ ಎಂದು ನಾವೇ ಲೆಕ್ಕ ಹಾಕಿ ನೋಡಲು ಜಾಲದ ಮಾದರಿ ನಮ್ಮ ಕೈಯಲ್ಲಿರಲಿಲ್ಲ. ಅಮೆರಿಕದ 1962ರ ತುಂಡಿನಿಂದ ಇದಕ್ಕೆ ಉತ್ತರ ಬರುವುದಿಲ್ಲ. ಅದರಲ್ಲಿ ಯಾವ ಲೈನ್ ಎಷ್ಟು ತಡೆದುಕೊಳ್ಳುತ್ತದೆ ಎಂಬ ಮಿತಿಯನ್ನೇ ಕೊಟ್ಟಿಲ್ಲ. ಸೋಲಾರ್ ಇಲ್ಲ, ಗಾಳಿ ಇಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ರಾಜ್ಯದ ಮಕ್ಕಳು ಸೂರ್ಯ ಮುಳುಗಿದ ಮೇಲೆ ಆ ಹೊರೆ ಯಾವ ಲೈನಿನ ಮೇಲೆ ಬೀಳುತ್ತದೆ ಎಂದು ಕಲಿಯಬೇಡವೇ?

ಕೆಲವು ವರ್ಷದ ಹಿಂದೆ ನಾಲ್ವರು ಹುಡುಗಿಯರು ಪ್ರಾಜೆಕ್ಟಿಗೆಂದು ಒಂದು ಕಚೇರಿಗೆ ಹೋಗಿ ಮೂರು ಸ್ಟೇಷನ್ನುಗಳ ಸಿಂಗಲ್ ಲೈನ್ ಡಯಾಗ್ರಾಮ್, ಅಂದರೆ ಯಾವುದು ಯಾವುದಕ್ಕೆ ಕೂಡಿದೆ ಎಂದು ತೋರಿಸುವ ನಕ್ಷೆ, ಕೇಳಿದರು. ಕಚೇರಿಯವರು ಮೂರು ಸಲ ಅಲೆಸಿ, ಭದ್ರತೆಯ ವಿಷಯ, ಕೊಡಲು ಬರುವುದಿಲ್ಲ ಎಂದರು. ಭದ್ರತೆಯ ಮಾತು ಸುಳ್ಳಲ್ಲ. ಯಾವ ಸ್ಟೇಷನ್ ಬಿದ್ದರೆ ಏನೆಲ್ಲ ಬೀಳುತ್ತದೆ ಎಂಬುದು ಕೆಟ್ಟವರ ಕೈಗೂ ಸಿಗುತ್ತದೆ. ಆದರೆ ಈ ಗಂಟನ್ನು ಬಿಡಿಸುವ ದಾರಿ ಇದೆ ಎಂದು ಟೆಕ್ಸಾಸಿನವರು ತೋರಿಸಿಕೊಟ್ಟಿದ್ದಾರೆ.

ಅಮೆರಿಕದಲ್ಲೂ 2001ರ ಸೆಪ್ಟೆಂಬರ್ ದಾಳಿಯ ನಂತರ ಜಾಲದ ಅಸಲಿ ಅಂಕಿಗಳು ಬೀಗದೊಳಗೆ ಹೋದವು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಹೊಸ ಜಾಲವನ್ನೇ ಕಟ್ಟಿದರು. ಜನಗಣತಿ ನೋಡಿ ಎಲ್ಲಿ ಎಷ್ಟು ಬೇಡಿಕೆ ಎಂದು ಇಟ್ಟರು. ಎಲ್ಲರಿಗೂ ಸಿಗುವ ಪಟ್ಟಿ ನೋಡಿ ಉತ್ಪಾದನಾ ಕೇಂದ್ರ ಇಟ್ಟರು. ನಡುವಿನ ಲೈನುಗಳನ್ನು ಎಂಜಿನಿಯರು ಹೇಗೆ ಎಳೆಯುತ್ತಾನೋ ಹಾಗೆ ತಾವೇ ಎಳೆದರು. ಟೆಕ್ಸಾಸಿನ ನೆಲದ ಮೇಲೆ ಎರಡು ಸಾವಿರ ಬಸ್ಸಿನ ಜಾಲ! ಅದರ ಒಂದು ಲೈನೂ ನಿಜವಲ್ಲ. ನಡವಳಿಕೆ ಮಾತ್ರ ನಿಜದ ಜಾಲದ್ದೇ. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸಿನ ನಿಜವಾದ ಜಾಲ ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡು ಬಾಕಿ ಇತ್ತು. ಅದೇ ವರ್ಷ ಸಂಶೋಧಕರು ಈ ಕಟ್ಟಿದ ಜಾಲದ ಮೇಲೆ ಆ ದಿನಗಳನ್ನು ಮತ್ತೆ ನಡೆಸಿ, ಏನು ಮಾಡಿದ್ದರೆ ಕರೆಂಟ್ ಕಡಿತ ಎಷ್ಟು ಕಡಿಮೆಯಾಗುತ್ತಿತ್ತು ಎಂದು ಎಲ್ಲರೆದುರು ಇಟ್ಟರು. ಕೋಡ್ ಸಮೇತ.

ಯುರೋಪಿನವರ ದಾರಿ ಬೇರೆ. ಅಲ್ಲಿ ಕಾನೂನೇ ಇದೆ. 2015ರ ಜನವರಿಯಿಂದ ಪ್ರತಿ ದೇಶದ ಉತ್ಪಾದನೆ, ಬೇಡಿಕೆ, ಗಡಿ ದಾಟಿದ ಕರೆಂಟು ಎಲ್ಲವನ್ನೂ ಒಂದೇ ಕಡೆ ಪ್ರಕಟಿಸಬೇಕು. ಅದರ ಜೊತೆಗೆ ಜರ್ಮನಿಯಲ್ಲಿ ಟಾಮ್ ಬ್ರೌನ್ ಮತ್ತು ಸಂಗಡಿಗರು ಕಟ್ಟಿದ ಪೈಪ್ಸಾ ಎಂಬ ಮುಕ್ತ ತಂತ್ರಾಂಶ ಬಂತು. ಅದರ ಮೇಲೆ ಬೆಳೆದ ಜಾಗತಿಕ ಮಾದರಿಗೆ ಲೈನುಗಳು ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ, ಅಂದರೆ ಜನಸಾಮಾನ್ಯರು ಬರೆದ ನಕ್ಷೆಯಿಂದ.

ನಮ್ಮಲ್ಲಿ ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ದೇಶದ ಜಾಲವನ್ನು ನಡೆಸುವ ಗ್ರಿಡ್ ಇಂಡಿಯಾ ದಿನವೂ ರಾಜ್ಯವಾರು ಬೇಡಿಕೆ, ಪೂರೈಕೆಯ ವರದಿ ಕೊಡುತ್ತದೆ. ಪುಣೆಯ ಪ್ರಯಾಸ್ ಸಂಸ್ಥೆಯವರು 2007ರಲ್ಲಿ ಶುರುಮಾಡಿ ಮನೆಗಳ ಸಾಕೆಟ್ಟಿಗೆ ಪುಟ್ಟ ಪೆಟ್ಟಿಗೆ ಸಿಕ್ಕಿಸಿ ನಿಮಿಷ ನಿಮಿಷದ ವೋಲ್ಟೇಜ್ ದಾಖಲಿಸಿ ಎಲ್ಲರಿಗೂ ಕೊಟ್ಟಿದ್ದಾರೆ. ಅದನ್ನು ನಾನು ಅಪ್ಪಾಜಿಯ ಡೈರಿಯ ತಮ್ಮ ಎನ್ನುತ್ತೇನೆ. ಇಲ್ಲದ್ದು ನಡುವಿನ ಭಾಗ: ಯಾವ ಸ್ಟೇಷನ್ನಿನಿಂದ ಯಾವುದಕ್ಕೆ ಎಂಥ ಲೈನ್, ಅದರ ತಡೆ ಎಷ್ಟು, ಮಿತಿ ಎಷ್ಟು. ನಿಜದ್ದನ್ನು ಕೊಡಲು ಅಂಜಿಕೆಯಾದರೆ ಟೆಕ್ಸಾಸಿನಂತೆ ಕಟ್ಟಿದ್ದನ್ನಾದರೂ ಕೊಡಲಿ. ಕರ್ನಾಟಕದ ನೆಲದ ಮೇಲೆ, ಶರಾವತಿಯ 1,035 ಮೆಗಾವ್ಯಾಟು ಪಡುವಣದಲ್ಲಿ, ಪಾವಗಡದ ಬಿಸಿಲು ಮೂಡಲಲ್ಲಿ, ಬೆಂಗಳೂರಿನ ಹಸಿವು ತೆಂಕಣದಲ್ಲಿ ಇರುವ ಒಂದು ಮಾದರಿ. ಅದನ್ನು ಕಟ್ಟುವ ಕೈಗಳು ನಮ್ಮ ಕಾಲೇಜುಗಳಲ್ಲೇ ಇವೆ. ಹೊಸ ಲೈನಿಗೆ ಹೊಲ ಕೊಡುವ ರೈತನ ಮಗಳು ಆ ಲೈನ್ ಬೇಕೇ ಎಂದು ತಾನೇ ಲೆಕ್ಕ ಮಾಡಿ ನೋಡುವಂತಿರಬೇಕು. ನಾನು ಇದನ್ನು ಕೇಳುತ್ತಲೇ ಇರುತ್ತೇನೆ.

ಕೇಳುತ್ತ ಕೂರುವುದರ ಜೊತೆಗೆ ಶನಿವಾರ ಮಧ್ಯಾಹ್ನ ನಾವೂ ಆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಲೈನುಗಳ ನಕ್ಷೆ ಬರೆಯುತ್ತೇವೆ. ಉಪಗ್ರಹದ ಚಿತ್ರದಲ್ಲಿ ಟವರ್ ಸರಿಯಾಗಿ ಕಾಣುವುದಿಲ್ಲ. ಉಕ್ಕಿನ ಜಾಲರಿ ಹೊಲದ ಬಣ್ಣದಲ್ಲಿ ಕರಗಿಹೋಗುತ್ತದೆ. ಕಾಣುವುದು ನೆರಳು. ಜೋಳದ ಹೊಲದ ಮೇಲೆ ಓರೆಯಾಗಿ ಬಿದ್ದ ನೆರಳಿನ ಬುಡ ಹಿಡಿದು ಚುಕ್ಕೆ ಇಡಬೇಕು. ಮುಂದಿನ ನೆರಳು ಹುಡುಕಬೇಕು. ಎಷ್ಟು ಕೆವಿ ಎಂಬುದು ಚಿತ್ರದಲ್ಲಿ ತಿಳಿಯದು. ಅದಕ್ಕೆ ರಸ್ತೆಯ ಬದಿ ನಿಂತು ಪಿಂಗಾಣಿ ಡಿಸ್ಕು ಎಣಿಸಬೇಕು. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಅಪ್ಪಾಜಿ ಕಲಿಸಿದ್ದು: ಐದಾದರೆ 66 ಕೆವಿ, ಹದಿಮೂರು ಹದಿನಾಲ್ಕಾದರೆ 220.

ಹೋದ ತಿಂಗಳು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅಪ್ಪಾಜಿಗೆ ನಮ್ಮ ಕೆಲಸ ತೋರಿಸಿದೆ. ಕನ್ನಡಕ ಏರಿಸಿ ಅವರ ಸ್ಟೇಷನ್ನಿನಿಂದ ಹೊರಡುವ ಲೈನನ್ನು ಬೆರಳಲ್ಲಿ ಹಿಂಬಾಲಿಸಿದರು. ಕೆರೆಯ ಏರಿ ದಾಟಿದ ಕೂಡಲೇ ಬೆರಳು ನಿಂತಿತು.

"ಇಲ್ನೋಡವ್ವ, ಇಲ್ಲಿಂದ ಮುಂದೆ ಡಬಲ್ ಸರ್ಕ್ಯೂಟ್. ನೀನು ಸಿಂಗಲ್ ಹಾಕಿದೀಯ."

"ನಿಮಗೆ ಇನ್ನೂ ನೆನಪಿದೆಯಾ ಅಪ್ಪಾಜಿ?"

"ಎಷ್ಟು ರಾತ್ರಿ ಲೈನ್ ಬಂದ್ ಮಾಡಿ ರಿಪೇರಿಗೆ ಎಲ್‌ಸಿ ಕೊಟ್ಟೀನಿ ಅದಕ್ಕೆ," ಅಂದರು. ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡು ಮುಂದಿನ ಟವರಿನ ನೆರಳು ಹುಡುಕತೊಡಗಿದರು.