ಚಳಿಯ ನಾಡಿನಲ್ಲಿ ಶೀತದ ಪೆಟ್ಟಿಗೆ

ಮಂಜಿಗೂ ಮಳೆಗೂ ಹೆಸರಾದ ಕೊಡಗಿನಲ್ಲಿ ಹಣ ತೆತ್ತು ಚಳಿಯನ್ನು ಕೊಳ್ಳುವುದೆಂದರೆ ಕಡಲ ದಂಡೆಯಲ್ಲಿ ಉಪ್ಪಿನ ಅಂಗಡಿಯನ್ನು ಹುಡುಕಿದಂತೆ ಎಂದು ಬಯಲುಸೀಮೆಯ ನೆಂಟರು ನಗುವುದುಂಟು. ಆ ನಗೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮೈ ನಡುಗಿಸುವ ಚಳಿ ಬೇರೆ, ಆಹಾರವನ್ನು ಕಾಯುವ ಶೈತ್ಯ ಬೇರೆ. 15 ಡಿಗ್ರಿಯಲ್ಲಿ ನಾವು ಕಂಬಳಿ ಹೊದೆಯುತ್ತೇವೆ. ಅದೇ 15 ಡಿಗ್ರಿಯಲ್ಲಿ ಹಾಲು ಸದ್ದಿಲ್ಲದೆ ಹುಳಿಯಾಗುತ್ತಿರುತ್ತದೆ.

ಕೊಡಗಿನ ಹಿರಿಯರು ಇದನ್ನು ಬಲ್ಲವರು. ಅವರು ಚಳಿಯನ್ನು ನಂಬಿ ಕೂರಲಿಲ್ಲ. ಹೊಗೆ, ಉಪ್ಪು, ಹುಳಿಗಳನ್ನು ನಂಬಿದರು. ಒಲೆಯ ಮೇಲ್ಗಡೆ ಹೊಗೆಗೆ ಒಡ್ಡಿ ಒಣಗಿಸಿದ ಮಾಂಸ, ಉಪ್ಪುನೀರಿನಲ್ಲಿಟ್ಟ ಕಳಲೆ, ವರ್ಷಗಟ್ಟಲೆ ಕೆಡದ ಕಪ್ಪು ಕಾಚಂಪುಳಿ, ಇವೇ ಮಳೆಗಾಲದ ದಾಸ್ತಾನು. ಅವರ ಕಾಲಕ್ಕೆ ಮಂಜುಗಡ್ಡೆಯೇ ಒಂದು ಬೆರಗು. ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಮಂಜುಗಡ್ಡೆ ಕಲ್ಕತ್ತೆಗೆ ಬಂದಿಳಿದದ್ದು 1833ರಲ್ಲಿ. ನಮ್ಮ ದೇಶದಲ್ಲಿಯೇ ಗೋದ್ರೆಜ್ ಸಂಸ್ಥೆ ರೆಫ್ರಿಜರೇಟರನ್ನು ತಯಾರಿಸಿದ್ದು 1958ರಲ್ಲಿ. ಇಂದು ಕಾಫಿ ತೋಟದ ಮನೆಗಳಲ್ಲಿಯೂ ಪೇಟೆಯ ಮನೆಗಳಲ್ಲಿಯೂ ಬೀರುವಿನಷ್ಟು ಅಗಲದ, ಗಾಜಿನ ಮೈಯ, ಲಕ್ಷ ರೂಪಾಯಿ ದಾಟಿದ ಫ್ರಿಜ್ಜುಗಳು ಬಂದು ನಿಂತಿವೆ. ಬೆಲೆ ಏರಿತೆಂದ ಮಾತ್ರಕ್ಕೆ ಅವು ನಮ್ಮ ಹವೆಗೆ ಒಗ್ಗುತ್ತವೆಯೆ ಎಂಬುದೇ ಪ್ರಶ್ನೆ.

ಮಡಿಕೇರಿಯ ಆಚೆ ತೋಟ ಮಾಡಿಕೊಂಡಿರುವ ನನ್ನ ಮಿತ್ರರೊಬ್ಬರು ಇಂಥದೊಂದು ಭಾರೀ ಪೆಟ್ಟಿಗೆಯನ್ನು ಕೊಂಡು, ಅಡಿಗೆಮನೆಯಲ್ಲಿ ಎಡೆ ಸಾಲದೆ ಹಿಂಬದಿಯ ಜಗಲಿಯಲ್ಲಿ ಇರಿಸಿದ್ದರು. ಪುತ್ತರಿಯ ಸಮಯಕ್ಕೆಂದು ಮೇಲಿನ ಖಾನೆಯಲ್ಲಿಟ್ಟಿದ್ದ ಹಂದಿಮಾಂಸ ಕಲ್ಲಿನಂತಿರಬೇಕಾದದ್ದು ಮೆತ್ತಗಾಗಿತ್ತು. "ಮೇಷ್ಟ್ರೇ, ಮನುಷ್ಯ ಚಳಿಗೆ ನಡುಗುತ್ತಾನೆ, ಮಾಂಸ ಮಾತ್ರ ಕರಗುತ್ತದೆ. ಇದು ಯಾವ ನ್ಯಾಯ?" ಎಂದು ಅವರು ಕೇಳಿದರು. ರಿಪೇರಿಯವನು ಬಂದು, ಯಂತ್ರದಲ್ಲಿ ದೋಷವೇನೂ ಇಲ್ಲವೆಂದು ಹೇಳಿ ಹೋಗಿದ್ದನು. ಅವನು ಹೇಳಿದ್ದು ನಿಜವೇ ಆಗಿತ್ತು.

ಫ್ರಿಜ್ಜು ಚಳಿಯನ್ನು ಹುಟ್ಟಿಸುವುದಿಲ್ಲ; ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ತೋಟದ ಮಾತಿನಲ್ಲಿ ಹೇಳುವುದಾದರೆ ಕಂಪ್ರೆಸರ್ ಎಂಬುದು ಆಳು. ಉಷ್ಣತೆಯನ್ನು ಅಳೆದು ಅದನ್ನು ಕೆಲಸಕ್ಕೆ ಹಚ್ಚುವ ಥರ್ಮೋಸ್ಟಾಟ್ ಮೇಸ್ತ್ರಿ. ಹಲವು ಮಾದರಿಗಳಲ್ಲಿ ಮೇಸ್ತ್ರಿ ಒಬ್ಬನೇ, ಅವನು ಕೂರುವುದು ಹಾಲು ತರಕಾರಿಗಳ ಖಾನೆಯಲ್ಲಿ. ಸುತ್ತಲಿನ ಗಾಳಿಯೇ 10 ಡಿಗ್ರಿಗೆ ಇಳಿದಾಗ ಆ ಖಾನೆ ತಾನಾಗಿ ತಣ್ಣಗಿರುತ್ತದೆ. ಕೆಲಸವಿಲ್ಲವೆಂದು ಮೇಸ್ತ್ರಿ ಆಳನ್ನು ಕೂರಿಸಿಬಿಡುತ್ತಾನೆ. ಆದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕಾದ ಫ್ರೀಜರಿನ ಕೆಲಸವೂ ಅದೇ ಆಳಿನದು. ಅಲ್ಲಿಯ ಮಾಂಸ ಬೆಚ್ಚಗಾಗುತ್ತಿದ್ದರೂ ಕೇಳುವವರಿಲ್ಲ. ಚಳಿಯ ಮನೆಯಲ್ಲಿ ಶೀತದ ಪೆಟ್ಟಿಗೆ ಸೋಲುವುದು ಹೀಗೆ.

ಆದುದರಿಂದ ಆಯ್ಕೆಯ ಮೊದಲ ಮಾತು ಬಣ್ಣವಲ್ಲ, ಬಾಗಿಲ ಸಂಖ್ಯೆಯಲ್ಲ. ಹೊರಗಿನ ಹವೆ ಎಷ್ಟಿರುವಾಗ ಯಂತ್ರ ಸರಿಯಾಗಿ ದುಡಿಯುತ್ತದೆ ಎಂಬುದು. ಒಳಮೈಯಲ್ಲೋ ಹಿಂಬದಿಯಲ್ಲೋ ಅಂಟಿಸಿದ ಚೀಟಿಯಲ್ಲಿ ಇದಕ್ಕೆ ಸಂಕೇತಾಕ್ಷರಗಳುಂಟು. 'ಟಿ' ಎಂದಿದ್ದರೆ 16ರಿಂದ 43 ಡಿಗ್ರಿ, 'ಎಸ್‌ಟಿ' ಎಂದರೆ 16ರಿಂದ 38, 'ಎನ್' ಎಂದರೆ 16ರಿಂದ 32, 'ಎಸ್‌ಎನ್' ಎಂದರೆ 10ರಿಂದ 32. 'ಎಸ್‌ಎನ್'ನಿಂದ 'ಟಿ'ವರೆಗೆ ಎಂದು ಬರೆದಿದ್ದರೆ 10ರಿಂದ 43 ಡಿಗ್ರಿಯವರೆಗೂ ಚಿಂತೆಯಿಲ್ಲ. ಕುಶಾಲನಗರದ ಬಯಲಿನಲ್ಲಿ 'ಟಿ' ಸಾಕಾದೀತು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ, ಚಳಿಗಾಲದ ರಾತ್ರಿ 16 ಡಿಗ್ರಿಗಿಂತ ಎಷ್ಟೋ ಕೆಳಗಿಳಿಯುವಲ್ಲಿ, ಅದು ಸಾಲದು.

ಎರಡನೆಯ ಮಾತು, ಮೇಸ್ತ್ರಿಗಳೆಷ್ಟು ಎಂಬುದು. ಮೇಲ್ದರ್ಜೆಯ ಕೆಲವು ಮಾದರಿಗಳಲ್ಲಿ ಎರಡು ಖಾನೆಗಳಿಗೂ ಬೇರೆ ಬೇರೆ ತಂಪಿನ ಸುರುಳಿ, ಬೇರೆ ಬೇರೆ ಅಳತೆಗಾರ ಇರುತ್ತಾರೆ. ಹೆಚ್ಚಿನ ಹಣ ಕೊಡುವುದಾದರೆ ಕೊಡಬೇಕಾದದ್ದು ಇದಕ್ಕೆ. ಬಾಗಿಲಲ್ಲಿ ನೀರು ಸುರಿಯುವ ನಲ್ಲಿಗೂ ಬಣ್ಣದ ಪರದೆಗೂ ಅಲ್ಲ. ಫ್ರಿಜ್ಜಿನ ಮೇಲಿನ ನಕ್ಷತ್ರಗಳು ವಿದ್ಯುತ್ತಿನ ಉಳಿತಾಯವನ್ನು ತಿಳಿಸುತ್ತವೆಯೇ ಹೊರತು ಚಳಿಯನ್ನು ತಾಳುವ ಗುಣವನ್ನಲ್ಲ.

ಕೊಂಡ ಮೇಲೆ ಕೂರಿಸುವ ಕೆಲಸ. ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಾಗಿಲು ಕಿರಿದು. ಅಂಗಡಿಗೆ ಹೋಗುವ ಮೊದಲೇ ಅಳತೆ ಹಿಡಿಯುವುದು ಲೇಸು. ಜಗಲಿ, ಉಗ್ರಾಣಗಳಿಗಿಂತ ಅಡಿಗೆಮನೆಯೇ ಉತ್ತಮ ಸ್ಥಳ. ಆದರೆ ಒಲೆಯ ಮಗ್ಗುಲಲ್ಲ. ಹಿಂದೆಯೂ ಪಕ್ಕಗಳಲ್ಲಿಯೂ ಕೈಪಿಡಿ ಹೇಳಿದಷ್ಟು ಗಾಳಿಯಾಡುವ ಎಡೆ ಬಿಡಬೇಕು. ಮುಂಗಾಲುಗಳು ಕೂದಲೆಳೆಯಷ್ಟು ಎತ್ತರವಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೇರವಾಗಿ ನಿಲ್ಲಿಸಿ, ಕಂಪ್ರೆಸರಿನ ಎಣ್ಣೆ ತನ್ನ ನೆಲೆಗೆ ಇಳಿದ ಮೇಲೆಯೇ ಚಾಲೂ ಮಾಡಬೇಕು. ತೇವ ಆರದ ನಮ್ಮ ಮಳೆಗಾಲದಲ್ಲಿ ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಜೋಡಿಸುವುದು ಪ್ರಾಣದೊಡನೆ ಆಟ. ಇನ್ವರ್ಟರ್ ಕಂಪ್ರೆಸರಿಗೆ ಸ್ಟೆಬಿಲೈಸರ್ ಬೇಡವೆಂದು ಮಾರುವವರು ಹೇಳುತ್ತಾರೆ. ಆ ಮಾತು ಚೀಟಿಯಲ್ಲಿ ಬರೆದ ವೋಲ್ಟೇಜಿನ ಮಿತಿಯೊಳಗೆ ಮಾತ್ರ ಸತ್ಯ. ಮನೆಯ ವೋಲ್ಟೇಜು ಸಂಜೆಯ ಹೊತ್ತು ಎಷ್ಟಕ್ಕೆ ಇಳಿಯುತ್ತದೆಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ಅಳೆಸಿ ನೋಡಿ ತೀರ್ಮಾನಿಸುವುದು ಕ್ಷೇಮ. ಕಾಫಿಯ ಹೂಮಳೆಯ ಕಾಲದಲ್ಲಿ ಗುಡುಗು ಮೊಳಗಿದೊಡನೆ ಪ್ಲಗ್ಗನ್ನು ಕಳಚುವುದು ಯಾವ ಉಪಕರಣಕ್ಕಿಂತಲೂ ಅಗ್ಗದ ರಕ್ಷಣೆ.

ಇನ್ನು ಆರೈಕೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಫ್ರಿಜ್ಜಿನ ಹೊರಮೈ ಬೆವರುವುದು ರೋಗವಲ್ಲ. ಒಣಬಟ್ಟೆಯಲ್ಲಿ ಒರಸಿದರೆ ಆಯಿತು. ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಗಳಲ್ಲಿ ಕಟ್ಟುವ ಕಪ್ಪು ಬೂಸ್ಟು ಮಾತ್ರ ಶತ್ರು. ಉಗುರುಬೆಚ್ಚಗಿನ ನೀರಿಗೆ ಅಡಿಗೆ ಸೋಡ ಬೆರೆಸಿ ವಾರಕ್ಕೊಮ್ಮೆ ತೊಳೆದು ಆರಿಸಬೇಕು. ರಬ್ಬರಿನ ಬಿಗಿಯನ್ನು ಪರೀಕ್ಷಿಸಲು ಒಂದು ಕಾಗದದ ಚೂರು ಸಾಕು: ಬಾಗಿಲಿಗೆ ಸಿಕ್ಕಿಸಿ ಎಳೆದಾಗ ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ ಎಂದರ್ಥ.

ಇಷ್ಟೆಲ್ಲ ನನಗೆ ಅಗತ್ಯವಾದದ್ದು ಹಾಲಿಗಾಗಿಯಲ್ಲ, ಮಾಂಸಕ್ಕಾಗಿಯೂ ಅಲ್ಲ. ನಮ್ಮ ತಾಯಿಯವರ ಇನ್ಸುಲಿನ್ ಇರುವುದು ಈ ಪೆಟ್ಟಿಗೆಯಲ್ಲಿ. ಒಡೆಯದ ಬಾಟಲಿಗಳು 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ. ನೋಡುವುದಕ್ಕೆ ನೀರಿನಂತೆಯೇ ಕಂಡರೂ ಗುಣ ಹೋಗಿರುತ್ತದೆ. ಹಿಂಗೋಡೆಯ ಬಳಿ, ತಣ್ಣನೆಯ ಗಾಳಿ ಬರುವ ಕಂಡಿಯ ಎದುರು, ಉಷ್ಣತೆ ಸೊನ್ನೆಗೆ ಇಳಿಯುವುದುಂಟು. ಬಾಗಿಲ ಗೂಡಿನಲ್ಲಿ ತೆರೆದಾಗಲೆಲ್ಲ ಏರಿಳಿಯುತ್ತದೆ. ನಡುವಿನ ಹಲಗೆಯ ಮುಂಭಾಗವೇ ಔಷಧಿಗೆ ತಕ್ಕ ಎಡೆ. ಅಲ್ಲಿ ಲೋಟದ ನೀರಿನಲ್ಲಿ ಒಂದು ಥರ್ಮಾಮೀಟರನ್ನು ಇರಿಸಿದ್ದೇನೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಅದನ್ನು ನೋಡುವುದು ನಿತ್ಯವಿಧಿಯಾಗಿದೆ.

ವಿದ್ಯುತ್ತು ಹೋದಾಗ ಮಾಡಬೇಕಾದದ್ದೆಂದರೆ ಬಾಗಿಲು ತೆರೆಯದಿರುವುದು. ಮುಚ್ಚಿದ ಕೆಳಖಾನೆ ಸುಮಾರು 4 ಗಂಟೆ ತಂಪನ್ನು ಹಿಡಿದಿಡುತ್ತದೆ. ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರೆ ತುಂಬಿದ್ದು ಸುಮಾರು 24 ಗಂಟೆ ತಾಳುತ್ತದೆ. ಎಡೆಯಿದ್ದರೆ ನೀರಿನ ಬಾಟಲಿಗಳನ್ನು ತುಸು ಖಾಲಿ ಬಿಟ್ಟು ತುಂಬಿ ಹೆಪ್ಪುಗಟ್ಟಿಸಿಟ್ಟರೆ ಅವೇ ಆಪತ್ತಿನ ದಾಸ್ತಾನು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಕಂಬಗಳು ಉರುಳಿ ಹಲವು ಊರುಗಳು ದಿನಗಟ್ಟಲೆ ಕತ್ತಲೆಯಲ್ಲಿ ಉಳಿದುದನ್ನು ಕಂಡವರು ಈ ಲೆಕ್ಕವನ್ನು ಹಗುರವಾಗಿ ಎಣಿಸಲಾರರು. ಬಳಕೆಗೆ ತೆರೆದ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಹೊರಗಿನ ತಂಪಿನಲ್ಲಿಯೇ ಸುಮಾರು ನಾಲ್ಕು ವಾರ ಇರಬಲ್ಲದು. ಅದರ ಚೀಟಿಯನ್ನೊಮ್ಮೆ ಓದಿಟ್ಟುಕೊಳ್ಳಬೇಕು. ಇಲ್ಲಿ ಕೊಡಗಿನ ಹವೆ ನಮ್ಮ ಪಕ್ಷ. ವಿದ್ಯುತ್ತು ಮರಳಿದೊಡನೆ ಹಳೆಯ ಮಾದರಿಯ ಯಂತ್ರವನ್ನು ಚಾಲೂ ಮಾಡದೆ ಐದು ನಿಮಿಷ ಕಾಯಬೇಕು. ಕೊಳವೆಗಳೊಳಗಿನ ಒತ್ತಡ ಸಮವಾಗದೆ ಕಂಪ್ರೆಸರು ಮೇಲೇಳಲಾರದು.

ಕೆಲವು ಕಾಯಿಲೆಗಳಿಗೆ ವೈದ್ಯ ಬೇಕಿಲ್ಲ. ತರಕಾರಿ ಡಬ್ಬಿಯ ಕೆಳಗೆ ನೀರು ನಿಂತರೆ ಹಿಂಗೋಡೆಯ ಬುಡದ ಸಣ್ಣ ರಂಧ್ರ ಕಟ್ಟಿದೆ; ಬೆಚ್ಚನೆಯ ನೀರು ಬಿಟ್ಟರೆ ಸಾಕು. ಗಡಗಡ ಸದ್ದಾದರೆ ಕಾಲುಗಳ ಸಮತೆ ನೋಡಬೇಕು. ಮಾಂಸ ಮೆತ್ತಗಾಗಿ ಹಾಲು ತಣ್ಣಗೇ ಇದ್ದರೆ ಕೋಣೆಯ ಚಳಿಯನ್ನು ಶಂಕಿಸಬೇಕು. ಪೆಟ್ಟಿಗೆಯನ್ನು ಬೆಚ್ಚನೆಯ ಕೋಣೆಗೆ ಸಾಗಿಸುವುದೇ ಅದರ ಮದ್ದು. ದೀಪ ಉರಿದೂ ಎರಡು ಖಾನೆಗಳೂ ಬೆಚ್ಚಗಾದರೆ, ತಂತಿಯನ್ನು ಇಲಿ ಕಡಿದಿದ್ದರೆ, ಆಗ ಬಲ್ಲವರೇ ಬರಬೇಕು. ಈಗಿನ ಬಹಳಷ್ಟು ಯಂತ್ರಗಳಲ್ಲಿರುವುದು ಆರ್-600ಎ ಎಂಬ, ಬೆಂಕಿ ಹತ್ತುವ ಅನಿಲ. ಅದರ ಕೊಳವೆಗೆ ಬೆಸುಗೆ ಹಾಕುವುದು ತರಬೇತಾದ ಕೈಗಳಿಗೆ ಸೇರಿದ ಕೆಲಸ.

ಕೊಳ್ಳಲು ಹೊರಟ ವಾಚಕರಿಗೆ ಒಂದೇ ಸೂಚನೆ. ಅಂಗಡಿಗೆ ಹೋಗುವ ಮೊದಲು ಒಂದು ಥರ್ಮಾಮೀಟರನ್ನು ಕೊಂಡು, ಡಿಸೆಂಬರಿನ ಒಂದು ವಾರ ಅಡಿಗೆಮನೆಯ ಗೋಡೆಗೆ ತೂಗುಹಾಕಿರಿ. ಬೆಳಗಿನ ಜಾವ ಅದು ತೋರಿಸುವ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಈ ಚಳಿಯಲ್ಲಿ ನಿಮ್ಮ ಯಂತ್ರ ದುಡಿಯುವುದೆ ಎಂದು ಮಾರುವವರನ್ನು ಕೇಳಿರಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು. ಹಿಂಬದಿಯ ಚೀಟಿಯನ್ನು ತೋರಿಸಲಿ.