ಜೈಲಿಗೆ ಕಾಗದ ಬರೆದರೆ ಪ್ರಯೋಜನವಿದೆಯೇ?

ಪ್ರಶ್ನೆ: ಬೈಂದೂರಿನಿಂದ ಹಿರಿಯಡ್ಕ ಜೈಲಿಗೆ ಪದೇಪದೇ ಹೋಗಲಾಗುವುದಿಲ್ಲ. ಕಾಗದ ಬರೆದರೆ ಸಾಕೇ?

ಉತ್ತರ: ಖಂಡಿತ ಬರೆಯಿರಿ, ಆದರೆ ಭೇಟಿಯನ್ನು ಪೂರ್ತಿ ಬಿಡಬೇಡಿ. ಕುಂದಾಪುರ, ಬ್ರಹ್ಮಾವರ, ಉಡುಪಿ ದಾಟಿ ಹೋಗಿಬರುವಷ್ಟರಲ್ಲಿ ದಿನದ ದುಡಿಮೆಯೇ ಹೋಗುತ್ತದೆ, ನಿಜ. ಭೇಟಿ ಬೇಗ ಮುಗಿಯುತ್ತದೆ; ಕಾಗದವನ್ನು ಮತ್ತೆ ಮತ್ತೆ ಓದಬಹುದು. ಅಧಿಕಾರಿಗಳೂ ಅದನ್ನು ಓದುವುದರಿಂದ ಕೇಸಿನ ಮಾತು ವಕೀಲರಿಗಿರಲಿ. ಮಗಳ ಪರೀಕ್ಷೆ, ಗದ್ದೆಯ ನಾಟಿಯ ಬಗ್ಗೆ ಬರೆಯಿರಿ. ತಪ್ಪು ಮಾಡಿದವರಿಗೆ ಮನೆಯವರ ಭೇಟಿಯ ಸವಲತ್ತೇಕೆ ಎನ್ನುವವರಿದ್ದಾರೆ. ವಿಚಾರಣಾಧೀನ ಕೈದಿಯ ತಪ್ಪು ಇನ್ನೂ ಸಾಬೀತಾಗಿಲ್ಲವಲ್ಲ! ಅದಕ್ಕಿಂತ ಮುಖ್ಯವಾಗಿ, ಇದು ಸವಲತ್ತಲ್ಲ. 1981ರ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮನೆಯವರ ಭೇಟಿಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿಸಿ, ತಿಂಗಳಿಗೊಂದೇ ಭೇಟಿಯೆಂಬ ನಿಯಮವನ್ನು ತಳ್ಳಿಹಾಕಿತು. ವಕೀಲರಿಗೆ ಹಣವಿಲ್ಲದಿದ್ದರೆ ಕುಂದಾಪುರದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.